ಅಬು ಖಲ್ಫಾನರ ಕೋವಿಗೆ ಒಂದು ಸಣ್ಣ ಲೈಟು

ಆ ಕುರ್ಚಿಯನ್ನು ಮಮ್ಮು ಅಂಗಡಿಗೆ ತಂದು ಹನ್ನೊಂದು ವರ್ಷವಾಗಿತ್ತು. ಕೊಲ್ಲಿ ನಾಡಿನ ಸತ್ವಾದಲ್ಲಿ, ದರ್ಜಿಗಳ ಬೀದಿಯಲ್ಲಿ ಒಬ್ಬ ಅಂಗಡಿ ಮುಚ್ಚಿ ಊರಿಗೆ ಹೋಗುವಾಗ ಹೊರಗೆ ಬಿಟ್ಟುಹೋದ ಮರದ ಕುರ್ಚಿ. ಕಾಲು ಗಟ್ಟಿಯಿತ್ತು, ಕೈ ಊರುವ ಪಟ್ಟಿ ಅಗಲವಾಗಿತ್ತು, ಕೂರುವ ಬೆತ್ತ ಮಾತ್ರ ಹರಿದಿತ್ತು. ಮಮ್ಮು ಅದನ್ನು ಹೆಗಲ ಮೇಲೆ ಹೊತ್ತು ತಂದು, ಹಲಗೆ ಬಡಿದು, ಅದೇ ಬೀದಿಯಲ್ಲಿ ದಿಂಬು ಹೊಲಿಸಿ, ತನ್ನ ಕೌಂಟರಿನ ಬದಿಗೆ ಇಟ್ಟಿದ್ದ. ಅದು ಅಬು ಖಲ್ಫಾನರಿಗಾಗಿ. ಅಂಗಡಿಯ ಸ್ಟೂಲಿನಲ್ಲಿ ಕುಳಿತರೆ ಅವರಿಗೆ ಸೊಂಟ ಹಿಡಿಯುತ್ತಿತ್ತು.

ಅಂಗಡಿ ಬೇಟೆಯ ಮತ್ತು ಡೇರೆಯ ಸಾಮಾನಿನದು. ಡೇರೆ, ಹಗ್ಗ, ಚಾಕು, ಗಿಡುಗದ ಕಣ್ಣಿಗೆ ಹಾಕುವ ಚರ್ಮದ ಟೊಪ್ಪಿ, ಮರಳಿನಲ್ಲಿ ಕಾಫಿ ಕಾಯಿಸುವ ಪಾತ್ರೆ ಎಲ್ಲ ಇದ್ದವು. ಕೋವಿ ಇರಲಿಲ್ಲ. ಕೋವಿಗೆ ಬೇಕಾದ ಚೀಲ, ಪಟ್ಟಿ, ಎಣ್ಣೆ, ಮೂತಿಯ ಕೆಳಗೆ ಬಿಗಿಯುವ ಲೈಟು ಇದ್ದವು. ಅವನ್ನು ಗಿರಾಕಿಯ ಲೈಸೆನ್ಸು ನೋಡಿ ಕೊಡುವುದು ಅಂಗಡಿಯ ಕ್ರಮ. ಆ ಕೌಂಟರಿನಲ್ಲಿ ಹದಿನಾಲ್ಕು ವರ್ಷದಿಂದ ಮಮ್ಮು ಒಬ್ಬನೇ ಇದ್ದ. ಎಂಟು ತಿಂಗಳ ಹಿಂದೆ ಮಾಲಿಕರು ಲೆಸ್ಲಿಯನ್ನು ತಂದು ಬಾಗಿಲ ಹತ್ತಿರ ಇನ್ನೊಂದು ಕೌಂಟರು ಹಾಕಿಸಿದರು. ಲೆಸ್ಲಿ ಕಿನ್ನಿಗೋಳಿಯ ಕಡೆಯವನು, ಮೂವತ್ತೈದರ ಪ್ರಾಯ, ಮೊದಲು ಹೋಟೆಲಿನಲ್ಲಿದ್ದವನು. ಊದ್ ಮೇಥಾದಲ್ಲಿ ಹೆಂಡತಿ ಮಗುವಿನೊಂದಿಗೆ ಮನೆ. ಇಸ್ತ್ರಿಯ ಅಂಗಿ, ನಗುಮುಖ, ಯಾವ ಸಾಮಾನು ಕೇಳಿದರೂ ಫೋನಿನಲ್ಲಿ ಅದರ ವೀಡಿಯೊ ತೋರಿಸುವ ಉಮೇದು. ಮಮ್ಮುವಿಗೆ ಅವನ ಮೇಲೆ ಹೇಳಿಕೊಳ್ಳುವಂಥ ದೂರು ಯಾವುದೂ ಇರಲಿಲ್ಲ. ಇಲ್ಲದ್ದೇ ಒಂದು ಕಷ್ಟವಾಗಿತ್ತು.

ಹೊಸ ಗಿರಾಕಿಗಳು ಬಾಗಿಲ ಬಳಿಯೇ ನಿಂತು ಲೆಸ್ಲಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಹೋದರೆ ಮಮ್ಮುವಿಗೆ ಏನೂ ಅನಿಸುತ್ತಿರಲಿಲ್ಲ. ಆದರೆ ಅಬು ಖಲ್ಫಾನ್ ತನ್ನವರು. ಎಪ್ಪತ್ತೆಂಟರ ಆ ಮುದುಕರು ಅಬುಧಾಬಿಯ ಖಲೀಫಾ ಸಿಟಿಯಿಂದ ಹದಿನೈದು ದಿನಕ್ಕೊಮ್ಮೆ ಸೋಮವಾರ ಇಲ್ಲಿಗೆ ಬರುತ್ತಿದ್ದರು. ಬಾಗಿಲಿನಿಂದಲೇ, "ಯಾ ಮೊಹಮ್ಮದ್!" ಎನ್ನುತ್ತಿದ್ದರು. ಈ ದೇಶದಲ್ಲಿ ಮಮ್ಮುವನ್ನು ಪಾಸ್‌ಪೋರ್ಟಿನಲ್ಲಿರುವ ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ. ಬಂದು ಕುರ್ಚಿಯಲ್ಲಿ ಕುಳಿತು, ಪುದೀನ ಹಾಕಿದ ಸುಲೈಮಾನಿ ಚಹಾ ಕುಡಿದು, ಒಂದು ಗಂಟೆ ಮಾತಾಡಿ, ಕೆಲವೊಮ್ಮೆ ಒಂದು ಹಗ್ಗದ ತುಂಡೂ ಕೊಳ್ಳದೆ ಹೋಗುತ್ತಿದ್ದರು. ಜೂನ್‌ನಲ್ಲಿ ಅವರ ಮರದ ಖರ್ಜೂರ ಅರ್ಧ ಹಣ್ಣಾಗಿ ಮೆತ್ತಗಾದಾಗ ಮೊದಲ ಪೆಟ್ಟಿಗೆ ಮಮ್ಮುವಿಗೆ ಬರುತ್ತಿತ್ತು. ಮಾಲಿಕರಿಗೂ ಸಿಗುತ್ತಿದ್ದದ್ದು ಎರಡನೆಯದು.

ಆ ಜೂನಿನ ಸೋಮವಾರ ಬೆಳಿಗ್ಗೆ ಅಬು ಖಲ್ಫಾನ್ ಬಂದರು. ಮಮ್ಮು ಡೇರೆಯೊಂದನ್ನು ನೆಲದಲ್ಲಿ ಹಾಸಿ ಮಡಚುತ್ತಿದ್ದ. ಸಲಾಂ ಆಯಿತು. ಮುದುಕರು ನಡೆದು ಬಂದು ಕುರ್ಚಿಯ ಬೆನ್ನಿಗೆ ಕೈಯಿಟ್ಟರು. ಕುಳಿತುಕೊಳ್ಳುತ್ತಾರೆ ಎಂದು ಮಮ್ಮು ನೀರಿನ ಕೆಟ್ಲಿಯ ಕಡೆ ತಿರುಗಿದ. ನೆಲದ ಮೇಲೆ ಮರ ಉಜ್ಜಿದ ಸದ್ದಾಯಿತು. ತಿರುಗಿ ನೋಡಿದರೆ ಅವರು ಕುರ್ಚಿಯನ್ನು ಎಳೆದುಕೊಂಡು ಲೆಸ್ಲಿಯ ಕೌಂಟರಿಗೆ ಹೋಗುತ್ತಿದ್ದಾರೆ. ಹಿಂದೆ ಬಂದ ಡ್ರೈವರು ಖರ್ಜೂರದ ಪೆಟ್ಟಿಗೆಯನ್ನು ಲೆಸ್ಲಿಯ ಗಾಜಿನ ಮೇಲೆ ಇಟ್ಟ.

"ಅಯ್ಯೋ ಬಾಬಾ, ಥ್ಯಾಂಕ್ಯೂ," ಎಂದ ಲೆಸ್ಲಿ.

ಮಮ್ಮು ಡೇರೆಯ ಮುಂದೆ ಮಂಡಿಯೂರಿದ. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚತೊಡಗಿದ.

ಅಬು ಖಲ್ಫಾನ್ ಹಿಂದಿ ಅರಬ್ಬಿ ಬೆರೆಸಿ ಮಾತಾಡುತ್ತಿದ್ದರು. ಕೋವಿಗೆ ಒಂದು ಲೈಟು ಬೇಕಂತೆ. ಹಳೆಯ ಒಂಟಿ ನಳಿಗೆಯ ಕೋವಿ, ಲೈಸೆನ್ಸು ಇಲ್ಲಿದೆ. ಆಡಿನ ಮರಿಗಳಿಗೆ ಬೀದಿನಾಯಿಗಳ ಕಾಟ.

"ಹೊಡೆಯುವುದಕ್ಕಲ್ಲ. ಮೇಲಕ್ಕೆ ಒಂದು ಗುಂಡು. ನಾಯಿ ಖಲಾಸ್, ಓಡುತ್ತದೆ," ಎಂದರು.

"ಎಲ್ಲಿಗೆ ಬಾಬಾ? ಕಟ್ಟಡದ ಒಳಗೆಯಾ, ಹೊರಗೆಯಾ?" ಲೆಸ್ಲಿ ಸರಿಯಾಗಿಯೇ ಕೇಳಿದ. ಆ ಪ್ರಶ್ನೆಯನ್ನು ತಾನೂ ಅಷ್ಟೇ ಸರಿಯಾಗಿ ಕೇಳುತ್ತಿದ್ದೆ ಎಂದು ಮಮ್ಮುವಿಗೆ ಅನಿಸಿ ಇನ್ನಷ್ಟು ಉರಿಯಿತು.

"ಮರಳುಗಾಡಿಗೆ," ಎಂದರು ಅಬು ಖಲ್ಫಾನ್. ಕೈಯನ್ನು ಗಾಳಿಯಲ್ಲಿ ದೂರಕ್ಕೆ ಬೀಸಿದರು. "ಒಂಟೆ, ಆಡು, ಡೇರೆ. ಈಗಲೂ ತಿಂಗಳಿಗೆ ಎರಡು ರಾತ್ರಿ ನಾನು ಅಲ್ಲೇ ಮಲಗುವುದು."

ಮಮ್ಮುವಿನ ಕೈ ಡೇರೆಯ ಮೇಲೆ ನಿಂತಿತು.

ಅವರು ಮರಳಿನಲ್ಲಿ ಮಲಗದೆ ಎರಡು ವರ್ಷವಾಗಿತ್ತು. ಮೊಣಕಾಲಿನ ಆಪರೇಷನ್ ಆದ ಮೇಲೆ ಅವರಿಗೆ ಮೆತ್ತನೆಯ ಮರಳಿನಲ್ಲಿ ಹತ್ತು ಹೆಜ್ಜೆ ಇಡುವುದು ಕಷ್ಟ. ಇಜ್ಬಾದಲ್ಲಿ, ಅಂದರೆ ಆಡು ಸಾಕುವ ತೋಟದ ಮನೆಯಲ್ಲಿ, ಮಂಚ ಹಾಕಿ ಕೂರುತ್ತಾರೆ, ಕೆಲವು ರಾತ್ರಿ ಅಲ್ಲೇ ಮಲಗುತ್ತಾರೆ, ಅಷ್ಟೆ. ಕಳೆದ ಚಳಿಯಲ್ಲಿ ಹಗ್ಗದ ಸುರುಳಿ ತಲುಪಿಸಲು ಹೋಗಿದ್ದಾಗ ಮಮ್ಮು ಆ ಆಡಿನ ಕೊಟ್ಟಿಗೆಯನ್ನು ನೋಡಿದ್ದ. ಉದ್ದನೆಯ ಕೋಣೆ, ಕಿಟಕಿ ಇಲ್ಲ, ನಾಲ್ಕೂ ಗೋಡೆಗೆ ದಪ್ಪ ಸುಣ್ಣ. ಮರಿಗಳು ಇರುವುದು ಅಲ್ಲಿ. ನಾಯಿ ನುಗ್ಗುವುದೂ ಅಲ್ಲಿಗೆ. ಈ ಲೈಟು ಉರಿಯಬೇಕಾದ್ದು ಆ ಸುಣ್ಣದ ಗೋಡೆಯ ಎದುರಿಗೆ.

ಲೆಸ್ಲಿ ಕಪಾಟಿನಿಂದ ಒಂದನ್ನು ತೆಗೆದ. ಕೈಯಷ್ಟು ಉದ್ದದ್ದು, ಮೂತಿ ಅಗಲವಾದದ್ದು. "ಬಾಬಾ, ಒಂದೂವರೆ ಸಾವಿರ ಲ್ಯೂಮೆನ್. ಮುನ್ನೂರು ಮೀಟರ್ ದೂರ ಬೀಳ್ತದೆ. ಮರಳಿಗೆ ಇದಕ್ಕಿಂತ ಒಳ್ಳೇದು ಇಲ್ಲ." ಅಂಗಡಿಯ ಎದುರಿನ ಗೋಡೆಗೆ ಹಾಕಿ ತೋರಿಸಿದ. ಹಗಲಿನಲ್ಲೇ ಗೋಡೆ ಸುಟ್ಟಂತೆ ಬೆಳಗಿತು. ಮುದುಕರು ಕಣ್ಣು ಕಿರಿದು ಮಾಡಿ ನಕ್ಕರು. "ಸೂರ್ಯ!" ಎಂದರು.

ಆ ಬೆಳಕನ್ನು ಸುಣ್ಣದ ಕೋಣೆಯಲ್ಲಿ ಹಾಕಿದರೆ ಹಾಕಿದವನ ಕಣ್ಣಿಗೇ ವಾಪಸು ಬಡಿಯುತ್ತದೆ, ಎದುರಿಗಿರುವುದು ಆಡೋ ಮನುಷ್ಯನೋ ತಿಳಿಯುವುದಿಲ್ಲ ಎಂದು ಮಮ್ಮುವಿಗೆ ಗೊತ್ತಿತ್ತು. ಆ ಕೋಣೆಗೆ ಬೇಕಾದದ್ದು ಚಿಕ್ಕದು, ಮಂದವಾದದ್ದು, ಹೆಬ್ಬೆರಳಿನಷ್ಟು. ಅಂಥವು ಅವನ ಕೌಂಟರಿನ ಕೆಳಗಿನ ಡ್ರಾಯರಿನಲ್ಲಿ ಮೂರು ಇದ್ದವು. ಒಂದು ಮಾತು ಸಾಕಿತ್ತು. ಮಾತು ನಾಲಿಗೆಯವರೆಗೆ ಬಂತು ಕೂಡ. ಆಗ ಅವನ ಕಣ್ಣು ಗಾಜಿನ ಮೇಲಿದ್ದ ಪೆಟ್ಟಿಗೆಯ ಮೇಲೆ ಬಿತ್ತು. ಅರ್ಧ ಹಳದಿ ಅರ್ಧ ಕಂದಾಗಿದ್ದ ಹಣ್ಣುಗಳು ಒಂದಕ್ಕೊಂದು ಅಂಟಿಕೊಂಡು ಮಿನುಗುತ್ತಿದ್ದವು.

"ಮಮ್ಮುಕಾಕ," ಲೆಸ್ಲಿಯೇ ಕರೆದ, "ಇದು ಆದೀತಲ್ಲ ಬಾಬಾನಿಗೆ? ನಿಮಗೆ ನನಗಿಂತ ಜಾಸ್ತಿ ಗೊತ್ತುಂಟು. ಸ್ವಲ್ಪ ನೋಡಿ ಹೇಳಿ."

ಮಮ್ಮು ಡೇರೆಯ ಚೀಲದ ಜಿಪ್ಪು ಎಳೆದ.

"ನಿಮ್ಮ ಗಿರಾಕಿ, ನಿಮ್ಮ ಲೈಟು ಪೊರ್ಬುಗಳೇ. ನನ್ನತ್ರ ಎಂತ ಕೇಳುದು?"

ಪೊರ್ಬು ಎಂದರೆ ಊರಿನಲ್ಲಿ ಕ್ರಿಶ್ಚಿಯನ್ನರಿಗೆ ಮರ್ಯಾದೆಯ ಮಾತು. ಮಮ್ಮು ಅದನ್ನು ಮರ್ಯಾದೆ ಇಲ್ಲದೆ ಹೇಳಿದ್ದ. ಲೆಸ್ಲಿಗೆ ಅದು ತಿಳಿಯಿತು, ಮುಖ ಸಣ್ಣದಾಯಿತು. ಅಬು ಖಲ್ಫಾನ್ ಮಾತ್ರ ಈ ಕಡೆ ತಿರುಗಲೇ ಇಲ್ಲ. ಬಂದಾಗಿನಿಂದ ಅವರು ಒಮ್ಮೆಯೂ ಮಮ್ಮುವಿನ ಮುಖ ನೋಡಿರಲಿಲ್ಲ.

ಅವರು ಹೋದ ಮೇಲೆ ಲೆಸ್ಲಿ ಪೆಟ್ಟಿಗೆ ಹಿಡಿದುಕೊಂಡು ಬಂದ. "ತಗೊಳ್ಳಿ ಕಾಕ. ಒಳ್ಳೆ ಮೆತ್ತಗಿದೆ."

"ನನಗೆ ಶುಗರ್."

"ನಿನ್ನೆ ಹಲ್ವಾ ತಿಂದ್ರಲ್ಲ?"

"ಅದಕ್ಕೇ ಇವತ್ತು ಶುಗರ್."

ಸಂಜೆ ಮಗ್ರಿಬ್ ನಮಾಜು ಕಳೆದ ಮೇಲೆ ಸತ್ವಾದ ಕೋಣೆಯಲ್ಲಿ ಮಂಚದ ಮೇಲೆ ಕುಳಿತು ಮಮ್ಮು ಊರಿಗೆ ಫೋನು ಮಾಡಿದ. ವಿಟ್ಲದ ಹತ್ತಿರದ ಅವನ ಮನೆಯಲ್ಲಿ ಹೆಂಡತಿ ಝುಲೈಖ ಹಲಸಿನ ಬೀಜ ಸುಲಿಯುತ್ತಿದ್ದಳು. ಸುಲಿಯುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ಅವನು ಎಲ್ಲವನ್ನೂ ಹೇಳಿದ. ಹೇಳುವಾಗ ಕುರ್ಚಿಯ ಭಾಗ ಉದ್ದವಾಯಿತು, ಲೈಟಿನ ಭಾಗ ಗಿಡ್ಡವಾಯಿತು.

"ಕುರ್ಚಿ ನಾನು ಹೊತ್ತು ತಂದದ್ದು, ಝುಲೈಖ. ದಿಂಬು ಎರಡು ಸಲ ಬದಲಾಯಿಸಿದ್ದೇನೆ. ಅದನ್ನೇ ಎಳ್ಕೊಂಡು ಹೋಗಿ ಅವನ ಹತ್ರ ಕೂತ್ರು."

"ಅಲ್ಲ, ಅವರಿಗೆ ನಡೀಲಿಕ್ಕೆ ಆಗುದಿಲ್ಲ ಅಂತ ನೀವೇ ಹೇಳ್ತೀರಿ. ಬಾಗಿಲ ಹತ್ರ ಕೂತಿದ್ದಾರೆ."

"ಖರ್ಜೂರ?"

"ಖರ್ಜೂರಕ್ಕೆ ಕಾಲಿಲ್ಲ, ಅದು ಒಪ್ತೇನೆ." ಬೀಜ ಸುಲಿಯುವ ಸದ್ದು ನಿಂತಿತು. "ಆದ್ರೆ ಆ ಲೈಟು. ಅದು ಆ ಕೊಟ್ಟಿಗೆಗೆ ಆಗುದಿಲ್ಲ ಅಂದ್ರಲ್ಲ. ನೀವು ಹೇಳಿದ್ರಾ ಅವರತ್ರ?"

"ಇಲ್ಲ."

"ಲೆಸ್ಲಿ ಕೇಳಿದ ಅಂದ್ರಿ."

"ಕೇಳಿದ."

"ಬಾಪನ ಕೋವಿಯ ಕಥೆ ನೀವು ನನಗೆ ಮದುವೆಯಾದ ವಾರ ಹೇಳಿದ್ದು. ಮಕ್ಕಳಿಗೆ ಹೇಳಿದ್ದೀರಿ. ಹೋದ ಸಲ ರಜೆಗೆ ಬಂದಾಗ ಹೊಸ ಅಳಿಯನಿಗೂ ಊಟಕ್ಕೆ ಕೂತಲ್ಲಿ ಹೇಳಿದ್ದೀರಿ, ಪಾಪ ಅವನ ಅನ್ನ ತಣ್ಣಗಾಯ್ತು. ಯಾರಿಗೆ ಹೇಳ್ಬೇಕೋ ಅವರಿಗೆ ಹೇಳ್ಲಿಲ್ಲ!" ಸುಲಿಯುವ ಸದ್ದು ಮತ್ತೆ ಶುರುವಾಯಿತು. "ನಿಮಗೆ ಹೊಟ್ಟೆಕಿಚ್ಚು. ಅರವತ್ತು ಹತ್ರ ಬಂತು, ನಾಚಿಕೆ ಆಗ್ಬೇಕು."

ಬಾಪನ ಕೋವಿಯ ಕಥೆ ಹೀಗಿತ್ತು. ಮಮ್ಮುವಿನ ತಂದೆ ಅಬೂಬಕ್ಕರಿಗೆ ಬೆಳೆ ಕಾಯುವ ಕೋವಿಯ ಲೈಸೆನ್ಸಿತ್ತು. ಗುಡ್ಡದ ಬುಡದಲ್ಲಿ ಮರಗೆಣಸು ಹಾಕಿದ ಜಾಗ, ಅದರ ಕೆಳಗೆ ಎರಡು ಗದ್ದೆ. ಹಂದಿ ಇಳಿಯುತ್ತಿದ್ದದ್ದು ಅಲ್ಲಿಗೆ. ಒಂದು ಕೈಯಲ್ಲಿ ಟಾರ್ಚು ಒಂದು ಕೈಯಲ್ಲಿ ಕೋವಿ ಆಗುವುದಿಲ್ಲವೆಂದು ಬಾಪ ಮೂರು ಸೆಲ್ಲಿನ ಟಾರ್ಚನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ನಳಿಗೆಗೆ ಸುತ್ತಿ ಕಟ್ಟಿದ್ದರು. ಡಿಸೆಂಬರಿನಲ್ಲಿ ಗದ್ದೆಯ ಮೇಲೆ ಮಂಜು ಕೂತಾಗ ಆ ಬೆಳಕು ಎದುರಿಗೆ ಹಾಲು ಚೆಲ್ಲಿದಂತೆ ಹರಡಿ ಏನೂ ಕಾಣುತ್ತಿರಲಿಲ್ಲ. ಬಾಪ ಟಾರ್ಚಿನ ಮುಖಕ್ಕೆ ತಲೆಗೆ ಕಟ್ಟುವ ಬಟ್ಟೆ ಸುತ್ತಿ ಬೆಳಕನ್ನು ಕುಗ್ಗಿಸುತ್ತಿದ್ದರು. ಕುಗ್ಗಿಸಿದರೆ ಕಾಣುತ್ತಿತ್ತು. ಒಂದು ದಿನ ಬಟ್ಟೆ ಸುತ್ತಲು ಮರೆತರು. ಬದುವಿನಲ್ಲಿ ಎಲೆ ಅಲ್ಲಾಡಿತು. ಕೋವಿ ಎತ್ತಿ ಟಾರ್ಚಿನ ಗುಂಡಿ ಒತ್ತಿದರು, ಎದುರಿಗೆ ಬಿಳಿ. ಬಿಳಿಯ ಒಳಗೆ ಒಂದು ಕಪ್ಪು ಆಕಾರ. ಬೆರಳು ಕುದುರೆಯ ಮೇಲೆ ಹೋಗಿತ್ತು. ಆಗ ಆ ಆಕಾರ ಕೆಮ್ಮಿತು. ಗಂಜಿಯ ತೂಕುಪಾತ್ರೆ ಹಿಡಿದು ಬಂದಿದ್ದ ಉಮ್ಮ, ಮಮ್ಮುವಿನ ತಾಯಿ. ಬಾಪ ಅಂದೇ ರಬ್ಬರು ಕತ್ತರಿಸಿದರು. "ಬೆಳಕು ಹೋದ ಕಡೆಗೆ ಕೋವಿಯ ಬಾಯಿ ಮೊದಲೇ ಹೋಗಿರ್ತದೆ" ಎಂದು ಎಷ್ಟೋ ವರ್ಷ ಹೇಳುತ್ತಿದ್ದರು. ಆಮೇಲೆ ಅವರು ಕಾಯಲು ಹೋಗುವಾಗಲೆಲ್ಲ ಟಾರ್ಚು ಹಿಡಿದು ಎಡಕ್ಕೆ ನಡೆಯುತ್ತಿದ್ದವಳು ಉಮ್ಮ.

ಮಂಗಳವಾರ, ಬುಧವಾರ ಮಮ್ಮು ಅಂಗಡಿಗೆ ಹೋದ, ಬಂದ. ಮುದುಕರ ನಂಬರು ಫೋನಿನಲ್ಲಿತ್ತು. ತೆಗೆದ, ಮುಚ್ಚಿದ. ಫೋನು ಮಾಡಿದರೆ ಏನು ಹೇಳುವುದು? ಲೈಟು ಸರಿಯಿಲ್ಲ ಎಂದರೆ, ಎದುರಿಗೇ ಇದ್ದೆಯಲ್ಲ ಎನ್ನುತ್ತಾರೆ. ಅವನ ಮನಸ್ಸಿನ ಒಂದು ಮೂಲೆ ಇನ್ನೂ ಕಾಯುತ್ತಿತ್ತು: ಮುದುಕರು ಸಿಟ್ಟಿನಿಂದ ಬಂದು ಆ ದೊಡ್ಡ ಲೈಟನ್ನು ಲೆಸ್ಲಿಯ ಗಾಜಿನ ಮೇಲೆ ಕುಕ್ಕಿ, ಕುರ್ಚಿಯನ್ನು ಎಳೆದುಕೊಂಡು ವಾಪಸು ಬರುವುದನ್ನು. ಅದನ್ನು ಕಣ್ಣಮುಂದೆ ತಂದುಕೊಂಡಾಗ ಸುಖವಾಗುತ್ತಿತ್ತು. ಹಿಂದೆಯೇ ಉಮ್ಮನ ಕೆಮ್ಮು ಕೇಳಿಸುತ್ತಿತ್ತು. ಉಮ್ಮನಿಗೆ ಆ ದಿನ ಕೆಮ್ಮು ಬಾರದಿದ್ದರೆ?

ಗುರುವಾರ ಅಬುಧಾಬಿಯ ಕಡೆಗೆ ಸಾಮಾನು ತಲುಪಿಸುವ ದಿನ. ವ್ಯಾನು ಓಡಿಸುವುದು ಮಮ್ಮುವೇ. ಹೊರಡುವ ಮೊದಲು ಡ್ರಾಯರಿನಿಂದ ಮೂರೂ ಸಣ್ಣ ಲೈಟುಗಳನ್ನು ತೆಗೆದು, ಒಂದು ಕೈಲ್ಯಾಂಪನ್ನೂ ಸೇರಿಸಿ ಚೀಲಕ್ಕೆ ಹಾಕಿದ.

"ಯಾರಿಗೆ ಕಾಕ ಅದು? ಆ ಗೊಂಬೆ ಲೈಟೆಲ್ಲ ಹೋಗುದೇ ಇಲ್ಲ," ಎಂದ ಲೆಸ್ಲಿ.

"ಇವತ್ತು ಹೋಗ್ತದೆ."

ಖಲೀಫಾ ಸಿಟಿಯಲ್ಲಿ ಎರಡು ಮನೆಗೆ ಡೇರೆ ಇಳಿಸಿ, ಅಲ್ಲಿಂದ ಮುಕ್ಕಾಲು ಗಂಟೆ ಒಳಗಿನ ದಾರಿ ಹಿಡಿದು, ಮಧ್ಯಾಹ್ನ ಕಳೆದು ಅಸರ್ ನಮಾಜಿನ ಹೊತ್ತಿಗೆ ಇಜ್ಬಾ ತಲುಪಿದ. ಗೇಟು ತೆಗೆದವನು ಸಿದ್ದೀಕ್, ಆಡು ನೋಡಿಕೊಳ್ಳುವವನು, ಮಂಜೇಶ್ವರದ ಕಡೆಯವನು. ಊರ ಭಾಷೆ ಸಿಕ್ಕಿದ ಖುಷಿಯಲ್ಲಿ ಅವನು ಗೇಟಿನ ಸರಪಳಿ ಹಿಡಿದುಕೊಂಡೇ ಶುರುಮಾಡಿದ.

"ಸರಿ ಹೊತ್ತಿಗೆ ಬಂದ್ರಿ ಕಾಕ. ಮುದುಕರು ಮೂರು ದಿನದಿಂದ ಮಾತಿಲ್ಲ. ಕೋವಿ ಕಬಾಟಿನಲ್ಲಿ, ಕೀ ಅವರ ಕುತ್ತಿಗೆಯಲ್ಲಿ."

"ಎಂತ ಆಯ್ತು?"

"ನಾನು ಹೋಗ್ತಿದ್ದೆ, ಅಷ್ಟೇ ಆದದ್ದು!" ಸಿದ್ದೀಕ್ ನಕ್ಕ. "ಮಂಗಳವಾರ ಸುಬಹಿಗಿಂತ ಮೊದಲು, ಬೆಳಕು ಹರಿದಿರ್ಲಿಲ್ಲ. ಒಂದು ಆಡು ಮರಿ ಹಾಕುತ್ತಿತ್ತು, ನಾನು ಅದರ ಪಕ್ಕ ಒರಗಿದ್ದೆ. ಕರೆಂಟು ಬೇರೆ ಇರ್ಲಿಲ್ಲ. ಆಡುಗಳು ಕೂಗಿದ್ದು ಕೇಳಿ ನಾಯಿ ಅಂತ ಇವರು ಬಂದ್ರು. ಬಾಗಿಲಲ್ಲಿ ನಿಂತು ಲೈಟು ಹಾಕಿದ್ರು. ಕಾಕ, ಅದು ಲೈಟಲ್ಲ, ವೆಲ್ಡಿಂಗು! ನನಗೆ ಅವರು ಕಾಣುದಿಲ್ಲ, ಅವರಿಗೆ ನಾನು ಕಾಣುದಿಲ್ಲ. ನಾನು ಎದ್ದೆ. ಎದ್ದದ್ದೇ ತಪ್ಪು. ಕೋವಿ ನನ್ನ ಕಡೆ ತಿರುಗಿತು. ಬಾಬಾ ಬಾಬಾ ಅಂತ ಕೂಗಿದೆ. ದನಿ ಕೇಳಿ ಕೋವಿ ಇಳಿಸಿದ್ರು." ಅವನು ನಗುತ್ತಲೇ ಇದ್ದ. ಆದರೆ ಸರಪಳಿ ಗೇಟಿಗೆ ತಾಗಿ ಟಿಣಿಟಿಣಿ ಎನ್ನುತ್ತಿತ್ತು. 

ಮಮ್ಮು ಇಳಿದ. ವ್ಯಾನಿನ ಬಾಗಿಲು ಹಿಡಿದು ನಿಂತ. ಸೋಮವಾರ ತಾನು ಎಳೆದ ಜಿಪ್ಪಿನ ಸದ್ದು ನೆನಪಾಯಿತು.

ಅಬು ಖಲ್ಫಾನ್ ಕೊಟ್ಟಿಗೆಯ ನೆರಳಿನಲ್ಲಿ ಮಂಚದ ಮೇಲೆ ಕುಳಿತಿದ್ದರು. ತಲೆಯ ವಸ್ತ್ರ ತೆಗೆದಿಟ್ಟಿದ್ದರು. ಅವರ ಬೋಳುತಲೆಯನ್ನು ಮಮ್ಮು ನೋಡಿದ್ದು ಅದೇ ಮೊದಲು. ಸಲಾಂ ಆದ ಮೇಲೆ ಇಬ್ಬರೂ ಬಹಳ ಹೊತ್ತು ಆಡುಗಳನ್ನು ನೋಡಿದರು.

"ಸಿದ್ದೀಕ್ ಹೇಳಿದನೋ?"

"ಹೇಳಿದ ಬಾಬಾ."

"ಅಂಗಡಿಯ ಆ ಹುಡುಗನ ತಪ್ಪು ಮಾಫಿ, ಏನೂ ಇಲ್ಲ. ಅವನು ಎಲ್ಲಿಗೆ ಎಂದು ಕೇಳಿದ. ನಾನು ಸುಳ್ಳು ಹೇಳಿದೆ." ಮುದುಕರು ಊರುಗೋಲಿನಿಂದ ಮರಳಿನಲ್ಲಿ ಒಂದು ಗೆರೆ ಎಳೆದರು. "ನಿನ್ನ ಹತ್ತಿರ ಕೇಳಿದ್ದರೆ ನೀನು ಏನೆನ್ನುತ್ತಿದ್ದೆ? ಬಾಬಾ, ಮೊಣಕಾಲು ಹೇಗಿದೆ. ಬಾಬಾ, ಕಣ್ಣಿನ ಡಾಕ್ಟರು ಏನೆಂದರು. ಬಾಬಾ, ಕೋವಿ ಯಾಕೆ, ಮಗನ ಹತ್ತಿರ ಹೇಳಿ. ನನ್ನದೆಲ್ಲ ನಿನಗೆ ಗೊತ್ತು, ಮೊಹಮ್ಮದ್. ಅವನಿಗೆ ಏನೂ ಗೊತ್ತಿಲ್ಲ. ಅವನ ಎದುರಿಗೆ ಕುಳಿತು ಮರಳಿನಲ್ಲಿ ಮಲಗುತ್ತೇನೆ ಎಂದೆ. ಹೌದಾ ಬಾಬಾ ಎಂದು ಕಣ್ಣರಳಿಸಿದ. ಒಂದು ಗಂಟೆ ನಾನು ಮರಳಿನಲ್ಲೇ ಇದ್ದೆ."

ಇಲ್ಲಿಗೆ ಸುಮ್ಮನಾಗಬಹುದಿತ್ತು. ತಪ್ಪು ಮುದುಕರೇ ಹೊತ್ತುಕೊಂಡಿದ್ದರು. ಮಮ್ಮುವಿನ ಪಾಲು ಯಾರಿಗೂ ತಿಳಿದಿರಲಿಲ್ಲ. ಅವನು ಚೀಲದ ಬಾಯಿಯನ್ನು ಬಿಚ್ಚಿದ, ಕಟ್ಟಿದ.

"ಬಾಬಾ, ನಾನು ಕೇಳಿಸಿಕೊಳ್ಳುತ್ತಿದ್ದೆ. ಅದು ಈ ಕೋಣೆಗೆ ಅಂತ ನನಗೆ ಗೊತ್ತಿತ್ತು."

"ಗೊತ್ತಿತ್ತು ಎಂದು ನನಗೂ ಗೊತ್ತಿತ್ತು," ಎಂದರು ಅಬು ಖಲ್ಫಾನ್. "ನಿನ್ನ ಮುಖ ನೋಡಲು ಆಗಲಿಲ್ಲ. ಈ ಮೊಹಮ್ಮದ್ ಬಾಯಿ ಬಿಡದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ನೀನು ಬಿಡಲಿಲ್ಲ. ನನ್ನ ಮಾನ ಉಳಿಸಿದೆ."

ಈ ಮಾತು ಮಮ್ಮುವಿಗೆ ಬೈಗುಳಕ್ಕಿಂತ ಕಷ್ಟವಾಯಿತು. ತನ್ನದಲ್ಲದ ಒಳ್ಳೆಯತನವನ್ನು ಮೈಮೇಲೆ ಹೊದಿಸಿದಂತಾಗಿ ಬೆವರಿದ.

"ಅದಕ್ಕಲ್ಲ ಬಾಬಾ ನಾನು ಸುಮ್ಮನಿದ್ದದ್ದು."

"ಮತ್ತೆ?"

"ಖರ್ಜೂರ."

ಮುದುಕರಿಗೆ ಅರ್ಥವಾಗಲಿಲ್ಲ. ಮಮ್ಮು ಕುರ್ಚಿಯಿಂದ ಹಿಡಿದು ಹೇಳಿದ. ಪ್ರತಿ ವರ್ಷದ ಮೊದಲ ಪೆಟ್ಟಿಗೆ, ಈ ವರ್ಷ ಗಾಜಿನ ಮೇಲೆ, ಲೆಸ್ಲಿ ಕೇಳಿದ್ದು, ತಾನು ಕೊಟ್ಟ ಉತ್ತರ. ಹೇಳುವಾಗ ಅದು ಎಷ್ಟು ಸಣ್ಣದು ಎಂದು ತಿಳಿಯುತ್ತ ಹೋಯಿತು, ಆದರೂ ಬಿಡದೆ ಹೇಳಿದ. ಅಬು ಖಲ್ಫಾನ್ ಕೇಳಿದರು. ಮೊದಲು ಅವರ ಹುಬ್ಬು ಗಂಟಿಕ್ಕಿತು. ಊರುಗೋಲು ಎತ್ತಿದರು, ಹೊಡೆಯುತ್ತಾರೆ ಎನಿಸಿತು. ಅದನ್ನು ಕೊಟ್ಟಿಗೆಯ ಬಳಿಯಿದ್ದ ಸಿದ್ದೀಕನ ಕಡೆ ಚಾಚಿ ಎಂದರು:

"ಅವನಿಗೆ ನಾಲ್ಕು ಮಕ್ಕಳಿದ್ದಾರೆ."

"ಹೌದು ಬಾಬಾ."

"ಹನ್ನೊಂದು ವರ್ಷದ ಖರ್ಜೂರ ತಿಂದೂ ನಿನ್ನ ಹೊಟ್ಟೆ ತುಂಬಲಿಲ್ಲ."

"ಇಲ್ಲ ಬಾಬಾ."

ಮುದುಕರು ಅವನನ್ನೇ ದಿಟ್ಟಿಸಿದರು. ಆಮೇಲೆ, ತಾವೇ ತಡೆಯಲಾರದವರಂತೆ, ಗಂಟಲಿನಲ್ಲಿ ನಕ್ಕರು. ನಗು ಕೆಮ್ಮಾಗಿ, ಸಿದ್ದೀಕ್ ನೀರು ತರಬೇಕಾಯಿತು. ಕೆಮ್ಮು ನಿಂತ ಮೇಲೆ ಅವರ ಮುಖದಲ್ಲಿ ನಗು ಇರಲಿಲ್ಲ. "ಯಲ್ಲಾ," ಎಂದು ಕುತ್ತಿಗೆಯಿಂದ ಕೀ ತೆಗೆದರು. "ಚೀಲದಲ್ಲಿ ಏನಿದೆ ತೋರಿಸು."

ಕೋವಿ ಬಂತು. ಮಮ್ಮು ಅದನ್ನು ಮಡಚಿ ತೆರೆದು, ನಳಿಗೆಯ ಒಳಗೆ ಬೆಳಕು ಹಾಯುವುದನ್ನು ತಾನು ನೋಡಿ, ಮುದುಕರಿಗೆ ತೋರಿಸಿ, ಸಿದ್ದೀಕನಿಗೂ ತೋರಿಸಿದ. ಬಾಪ ಹಾಗೇ ಮಾಡುತ್ತಿದ್ದರು. ಖಾಲಿ ಎನ್ನುವುದನ್ನು ಮನೆಯಲ್ಲಿ ಇದ್ದವರೆಲ್ಲ ನೋಡಬೇಕು. ದೊಡ್ಡ ಲೈಟನ್ನು ಬಿಚ್ಚಿದ. ಅದರ ಭಾರಕ್ಕೆ ನಳಿಗೆಯ ತುದಿ ತೂಗುತ್ತಿದ್ದದ್ದು ಬಿಚ್ಚಿದ ಮೇಲೆ ತಿಳಿಯಿತು. ಮೂವರೂ ಕೊಟ್ಟಿಗೆಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಆಡಿನ ವಾಸನೆಯ ದಟ್ಟ ಕತ್ತಲೆ. ಸಿದ್ದೀಕ್ ತಾನಾಗಿ ದೂರದ ಮೂಲೆಗೆ ಹೋಗಿ ನಿಂತ. "ಕೋವಿ ಬೇಡ ಕಾಕ, ಬರೀ ಲೈಟು ಹಾಕಿ. ನನಗೆ ಇನ್ನೂ ಎದೆ ಹೊಡೀತದೆ," ಎಂದ.

ಮಮ್ಮು ಲೈಟುಗಳನ್ನು ಕೈಯಲ್ಲೇ ಹಿಡಿದು ಒಂದೊಂದಾಗಿ ಹಾಕಿದ. ಮೊದಲನೆಯದರ ಬೆಳಕು ಗೋಡೆಯ ಮೇಲೆ ತಟ್ಟೆಯಷ್ಟು ದುಂಡಗೆ ಬಿತ್ತು, ಸುತ್ತ ಏನೂ ಕಾಣಲಿಲ್ಲ. "ಇದರಲ್ಲಿ ಆಡಿನ ಕೊಂಬು ಕಾಣ್ತದೆ, ಆಡು ಕಾಣುದಿಲ್ಲ," ಎಂದಿತು ಮೂಲೆಯ ದನಿ. ಎರಡನೆಯದು ಬೆಳಕು ಪರವಾಗಿರಲಿಲ್ಲ. ಆದರೆ ಅದರ ಗುಂಡಿ ಗಟ್ಟಿ. ಮುದುಕರ ಹೆಬ್ಬೆರಳು ಎರಡು ಸಲ ಜಾರಿತು. ಏನೂ ಹೇಳದೆ ಅವರು ಅದನ್ನು ಮಮ್ಮುವಿಗೆ ವಾಪಸು ಕೊಟ್ಟರು. ಏನೂ ಕೇಳದೆ ಮಮ್ಮು ಚೀಲಕ್ಕೆ ಹಾಕಿದ.

ಮೂರನೆಯದು ಎಲ್ಲದಕ್ಕಿಂತ ಸಣ್ಣದು. ನೂರು ಲ್ಯೂಮೆನ್. ಹಾಕಿದಾಗ ಬೆಳಕು ಬಂತೋ ಇಲ್ಲವೋ ಎನ್ನುವ ಹಾಗೆ ಅಗಲವಾಗಿ, ಮೆಲ್ಲಗೆ ಹರಡಿತು. ಸುಣ್ಣದ ಗೋಡೆ ಮಂಕಾಗಿ ಹಿಂದೆ ನಿಂತಿತು. ಅದರ ಮುಂದೆ ಆಡುಗಳು ಒಂದೊಂದೇ ಎದ್ದು ಕಂಡವು. ಮಲಗಿದ್ದ ತಾಯಿ, ಅದರ ಹೊಟ್ಟೆಗೆ ಅಂಟಿದ ಎರಡು ದಿನದ ಮರಿ, ನೀರಿನ ಬಾನಿ, ಮೂಲೆಯಲ್ಲಿ ಸಿದ್ದೀಕ್. ಅವನ ಅಂಗಿಯ ನೀಲಿ ಕೂಡ ಕಂಡಿತು, ಹಲ್ಲು ಕಂಡಿತು.

"ಇದು ಮಕ್ಕಳ ಆಟಿಕೆ," ಎಂದರು ಅಬು ಖಲ್ಫಾನ್.

"ಹೌದು ಬಾಬಾ. ಸಿದ್ದೀಕ್ ಕಾಣುತ್ತಾನಾ?"

ಮುದುಕರು ಬಹಳ ಹೊತ್ತು ಮೂಲೆಯ ಕಡೆ ನೋಡಿದರು. "ಕಾಣುತ್ತಾನೆ," ಎಂದರು. "ಗಡ್ಡ ಬೋಳಿಸಿಲ್ಲ, ಹಮಾರ್, ಕತ್ತೆ!"

"ಹಾಗಾದ್ರೆ ಇದೇ ಇರ್ಲಿ ಕಾಕ," ಎಂದ ಸಿದ್ದೀಕ್. "ಬೈದದ್ದು ಕೇಳಿ ಸಮಾಧಾನ ಆಯ್ತು."

ಮಮ್ಮು ಅದನ್ನು ನಳಿಗೆಯ ಕೆಳಗೆ ಬಿಗಿದ. ಬಿಗಿದ ಮೇಲೆ ಕೈಲ್ಯಾಂಪನ್ನು ಸಿದ್ದೀಕನ ಕೈಗೆ ಕೊಟ್ಟು, ಬಾಪನ ಮಾತನ್ನು ತನಗೆ ಬರುವಷ್ಟು ಅರಬ್ಬಿಯಲ್ಲಿ ಹೇಳಿದ. ಬೆಳಕು ಹೋದಲ್ಲಿಗೆ ಕೋವಿಯ ಬಾಯಿಯೂ ಹೋಗುತ್ತದೆ, ಅದಕ್ಕೆ ಮೊದಲು ಸಿದ್ದೀಕ್ ಲ್ಯಾಂಪು ಹಿಡಿದು ಎಡಕ್ಕೆ ನಡೆಯಬೇಕು, ನೋಡಬೇಕು, ನೋಡಿದ ಮೇಲೆ ಬೇಕಾದರೆ ಕೋವಿ. ತನ್ನ ತಾಯಿ ಹಾಗೆ ನಡೆಯುತ್ತಿದ್ದಳು ಎಂದೂ ಹೇಳಿದ. ಇಷ್ಟು ವರ್ಷದಲ್ಲಿ ಅವನು ಮುದುಕರ ಕಥೆ ಕೇಳಿದ್ದನೇ ಹೊರತು ತನ್ನ ಊರಿನ ಕಥೆ ಅವರಿಗೆ ಹೇಳಿರಲಿಲ್ಲ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಮರಗೆಣಸು ಎಂದರೇನು ಎಂದು ಮಾತ್ರ ಕೇಳಿದರು.

ಹೊರಡುವಾಗ ದೊಡ್ಡ ಲೈಟನ್ನು ವಾಪಸು ಒಯ್ಯಲೆಂದು ಮಮ್ಮು ಕೈಗೆತ್ತಿಕೊಂಡ. ಅಬು ಖಲ್ಫಾನ್ ಅದನ್ನು ಅವನ ಕೈಯಿಂದ ತೆಗೆದುಕೊಂಡರು.

"ಇದು ಇಲ್ಲೇ ಇರಲಿ. ಆ ಹುಡುಗನಿಗೆ ಹೇಳಬೇಡ."

"ಏನನ್ನು ಬಾಬಾ?"

"ಯಾವುದನ್ನೂ. ಮರಳಿನಲ್ಲಿ ಒಳ್ಳೆಯ ಲೈಟು ಎಂದು ನಾನೇ ಹೇಳುತ್ತೇನೆ."

ಅಂದರೆ ಅವರು ಮುಂದಿನ ಸಲವೂ ಬಾಗಿಲ ಹತ್ತಿರವೇ ಕುಳಿತುಕೊಳ್ಳುತ್ತಾರೆ. ಮಮ್ಮುವಿಗೆ ಅದು ಗೇಟು ದಾಟಿ ಡಾಂಬರು ರಸ್ತೆ ಸೇರುವಾಗ ಪೂರ್ತಿ ತಿಳಿಯಿತು. ಒಮ್ಮೆ ವ್ಯಾನು ನಿಲ್ಲಿಸಿ ತಿರುಗಿ ಹೋಗೋಣವೇ ಎನಿಸಿತು. ಹೋಗಿ ಹೇಳುವುದೇನು? ವ್ಯಾನನ್ನು ಮುಂದಕ್ಕೆ ಬಿಟ್ಟ.

ಸೋಮವಾರ ಬೆಳಿಗ್ಗೆ ಮಮ್ಮು ಎಲ್ಲರಿಗಿಂತ ಮೊದಲು ಅಂಗಡಿ ತೆರೆದ. ಹದಿನೈದು ದಿನ ಇನ್ನೂ ಆಗಿರಲಿಲ್ಲ, ಆದರೂ ಮುದುಕರು ಬಂದೇ ಬರುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅವರದೆಲ್ಲ ಅವನಿಗೆ ಗೊತ್ತು. ಕುರ್ಚಿ ಮತ್ತೆ ಅವನ ಕೌಂಟರಿನ ಬದಿಗೇ ಬಂದಿತ್ತು, ಗುಡಿಸುವವರು ಹಳೆಯ ರೂಢಿಯಂತೆ ತಂದಿಟ್ಟಿದ್ದರು. ಅವನು ಅದರ ಕೈಪಟ್ಟಿಯನ್ನು ಒರೆಸಿದ. ದಿಂಬನ್ನು ತಟ್ಟಿದ. ಸ್ವಲ್ಪ ಹೊತ್ತು ತಾನೇ ಅದರಲ್ಲಿ ಕುಳಿತು ನೋಡಿದ. ಆಮೇಲೆ ನೆಲಕ್ಕೆ ಉಜ್ಜದಂತೆ ಎತ್ತಿಕೊಂಡು ಹೋಗಿ ಲೆಸ್ಲಿಯ ಗಾಜಿನ ಎದುರಿಗೆ ಇಟ್ಟ.

"ಎಂತ ಕಾಕ ಇದು?" ಒಳಗೆ ಬಂದ ಲೆಸ್ಲಿ ಕೇಳಿದ. ಹೋದ ವಾರದ ಮಾತಿನ ಕಹಿ ಅವನ ಮುಖದಲ್ಲಿ ಇನ್ನೂ ಇತ್ತು.

"ಬಾಬಾ ಬರ್ತಾರೆ. ಅವರಿಗೆ ಸ್ಟೂಲು ಆಗುದಿಲ್ಲ, ಸೊಂಟ ಹಿಡೀತದೆ. ನೆನಪಿಟ್ಟುಕೊಳ್ಳಿ."

"ನಿಮಗೆ ಬೇಜಾರಿಲ್ವಾ?"

"ಉಂಟು," ಎಂದ ಮಮ್ಮು. "ಅದನ್ನು ಕೇಳ್ಬೇಡಿ."

ಹತ್ತೂವರೆಗೆ ಅಬು ಖಲ್ಫಾನ್ ಬಂದರು. ಕುರ್ಚಿ ಎಲ್ಲಿದೆ ಎಂದು ನೋಡಿದರು, ಮಮ್ಮುವನ್ನು ನೋಡಿದರು, ಕುಳಿತರು. ಲೆಸ್ಲಿ ಲೈಟು ಹೇಗಿತ್ತು ಬಾಬಾ ಎಂದು ಕೇಳಿದ. ಮುದುಕರು ಕೈಯನ್ನು ದೂರಕ್ಕೆ ಬೀಸಿದರು. ಮೂರು ಮರಳ ದಿಬ್ಬದ ಆಚೆ ನಿಂತ ಒಂಟೆಯ ಕಣ್ಣು ಕಂಡಿತಂತೆ. ನಾಯಿಗಳು ಆ ಬೆಳಕು ನೋಡಿ ಒಮಾನಿನವರೆಗೆ ಓಡಿದವಂತೆ. ಲೆಸ್ಲಿ, "ಹೌದಾ ಬಾಬಾ!" ಎಂದು ಗಾಜಿನ ಮೇಲೆ ಮೊಣಕೈಯೂರಿ ಮುಂದೆ ಬಾಗಿದ.

ಮಮ್ಮು ಹಿಂದಿನ ಮೂಲೆಯಲ್ಲಿ ಸುಲೈಮಾನಿಗೆ ಪುದೀನ ಹಿಚುಕುತ್ತಿದ್ದ. ಅವನ ಬೆನ್ನಿಗೆ ಆ ಎರಡು ದನಿಗಳು ಬಡಿಯುತ್ತಿದ್ದವು. ಹೊಟ್ಟೆಯಲ್ಲಿ ಹೋದ ವಾರದ ಉರಿ ಹೋಗಿರಲಿಲ್ಲ, ಕುಗ್ಗಿತ್ತು, ಅಷ್ಟೆ. ಲೋಟವನ್ನು ತಂದು ಕುರ್ಚಿಯ ಕೈಪಟ್ಟಿಯ ಮೇಲೆ, ಅವರ ಬಲಗೈಗೆ ಸಿಗುವ ಕಡೆ ಇಟ್ಟ. ಲೆಸ್ಲಿ ಖರ್ಜೂರದ ಪೆಟ್ಟಿಗೆಯನ್ನು ಅವನ ಕಡೆ ತಳ್ಳಿದ. ತಳದಲ್ಲಿ ಆರೇಳು ಹಣ್ಣು ಉಳಿದಿದ್ದವು.

"ಶುಗರ್ ಹೇಗುಂಟು ಕಾಕ ಇವತ್ತು?"

ಮಮ್ಮು ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡ. ಮುದುಕರು ಮೂರನೆಯ ದಿಬ್ಬದಿಂದ ನಾಲ್ಕನೆಯದಕ್ಕೆ ಹತ್ತುತ್ತಿದ್ದರು.